ಸ್ವಂತ ದನಿಗೆ ಲೇಬಲ್ ಯಾಕೆ?

ಕನ್ನಡ ವಿಮರ್ಶೆಯಲ್ಲಿ ಅತಿ ಹೆಚ್ಚು ಸವೆದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ‘ಸ್ವಂತ ದನಿ’ ಎನ್ನುತ್ತೇನೆ. ಮೊದಲ ಕವನ ಸಂಕಲನದ ಮುನ್ನುಡಿಯಲ್ಲಿ ಕವಿ ತನ್ನದೇ ದನಿಯನ್ನು ಹುಡುಕುತ್ತಿರುತ್ತಾನೆ. ಎರಡನೆಯದರ ಬೆನ್ನುಡಿಯಲ್ಲಿ ಅದು ಸಿಕ್ಕಿರುತ್ತದೆ. ಎಲ್ಲಿ ಸಿಕ್ಕಿತು, ಏನು ಮಾಡಿದ್ದಕ್ಕೆ ಸಿಕ್ಕಿತು ಎಂದು ಮಾತ್ರ ಯಾರೂ ಹೇಳುವುದಿಲ್ಲ. ದನಿ ಎಂಬುದು ಕೆಲವರಿಗೆ ಹುಟ್ಟಿನಿಂದ ಬಂದ ವರ ಎಂದು ನಾವೆಲ್ಲ ಒಳಗೊಳಗೇ ಒಪ್ಪಿಕೊಂಡಂತಿದೆ. ಗಿಟಾರ್ ನುಡಿಸುವವರ ನಡುವೆಯೂ ಇದೇ ಮಾತು ಬೇರೆ ಹೆಸರಿನಲ್ಲಿ ಓಡಾಡುತ್ತದೆ. ಅಲ್ಲಿ ಅದನ್ನು ‘ಟೋನ್’ ಎನ್ನುತ್ತಾರೆ. ಅಲ್ಲಿ ಅದು ವರವಲ್ಲ, ಸರಕು. ಇಂಥ ಕಂಪನಿಯ, ಇಂಥ ದೇಶದ, ಇಂಥ ದಶಕದ ವಾಲ್ವ್ ತಂದು ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ನಿಮ್ಮ ಟೋನ್ ನಿಮ್ಮದಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ನುಡಿಸುವವರು ನಂಬುತ್ತಾರೆ.

ಎರಡೂ ಮೂಢನಂಬಿಕೆ ಎಂಬುದು ನನ್ನ ತಕರಾರು. ನಾನು ಶಿವಮೊಗ್ಗದ ಗೋಪಾಳದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಶಂಕರಘಟ್ಟಕ್ಕೆ ಬಸ್ಸಿನಲ್ಲಿ ಓಡಾಡುವ ಸಂಶೋಧನಾ ವಿದ್ಯಾರ್ಥಿ. ಹಗಲು ಹಳೆಯ ಪಠ್ಯಗಳು, ರಾತ್ರಿ ಗಿಟಾರ್. ನನ್ನ ಬಳಿ ಇರುವುದು ಐದು ವ್ಯಾಟಿನ, ಎರಡೇ ವಾಲ್ವ್ ಇರುವ, ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್. ಅದರ ವಾಲ್ವ್‌ಗಳನ್ನು ಬದಲಿಸಿ ಬದಲಿಸಿ ಕೇಳುವುದು ಮೂರು ವರ್ಷದಿಂದ ನನ್ನ ಚಟ. ಬರೀ ಚಟದ ವಿಷಯವಾಗಿದ್ದರೆ ನಿಮ್ಮ ಸಮಯ ಹಾಳು ಮಾಡುತ್ತಿರಲಿಲ್ಲ. ಆದರೆ ಆ ಪುಟ್ಟ ಗಾಜಿನ ಬುರುಡೆಯ ಸುತ್ತ ನಡೆಯುವ ಜಗಳದಲ್ಲಿ, ದನಿಯೊಂದನ್ನು ತನ್ನದಾಗಿಸಿಕೊಳ್ಳುವುದು ಎಂದರೇನು, ಅದಕ್ಕೆ ಯಾರ ಅಪ್ಪಣೆ ಬೇಕು, ಎಷ್ಟು ದುಡ್ಡು ಬೇಕು ಎಂಬ ಪ್ರಶ್ನೆಗಳಿವೆ. ಆ ಪ್ರಶ್ನೆಗಳು ಸಾಹಿತ್ಯದ ವಿದ್ಯಾರ್ಥಿಗಳಿಗೂ ಸೇರಿದ್ದು.

ಮೊದಲು ವಸ್ತುವನ್ನು ನೋಡೋಣ. ನಮ್ಮ ಅಜ್ಜಂದಿರ ಕಾಲದ ವಾಲ್ವ್ ರೇಡಿಯೋ ನಿಮಗೆ ನೆನಪಿರಬಹುದು, ಇಲ್ಲವೇ ಮನೆಯಲ್ಲಿ ಕೇಳಿರಬಹುದು. ಸ್ವಿಚ್ ಹಾಕಿದ ಮೇಲೆ ಅದು ಬಿಸಿಯಾಗುವವರೆಗೆ ಕಾಯಬೇಕಿತ್ತು. ಹಾಗೆ ಬಿಸಿಯಾಗುತ್ತಿದ್ದದ್ದು ವಾಲ್ವ್. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಒಂದು ತಂತಿ ಕಾಯುತ್ತದೆ. ಅದರ ಬಿಸಿಗೆ ಕ್ಯಾಥೋಡ್‌ನಿಂದ ಎಲೆಕ್ಟ್ರಾನುಗಳು ಹೊರಬಿದ್ದು, ನೂರಾರು ವೋಲ್ಟ್‌ನ ಸೆಳೆತವಿರುವ ಪ್ಲೇಟಿನ ಕಡೆಗೆ ಓಡುತ್ತವೆ. ನಡುವೆ ಗ್ರಿಡ್ ಎಂಬ ತೆಳು ತಂತಿಯ ಜಾಲರಿ. ಗಿಟಾರಿನಿಂದ ಬಂದ ಅತಿ ಸಣ್ಣ ವಿದ್ಯುತ್ ಕಂಪನ ಆ ಜಾಲರಿಗೆ ತಲುಪಿದರೆ ಸಾಕು, ದೊಡ್ಡ ಹರಿವು ಅದರ ತಾಳಕ್ಕೆ ಏರಿಳಿಯುತ್ತದೆ. ತೂಬು ತಿರುಗಿಸಿ ಕಾಲುವೆಯ ನೀರನ್ನು ಹಿಡಿದಂತೆ. ಲೀ ಡಿ ಫಾರೆಸ್ಟ್ 1906ರಲ್ಲಿ ಈ ಜಾಲರಿಯನ್ನು ಸೇರಿಸಿದ. ಟ್ರಾನ್ಸಿಸ್ಟರ್ ಬಂದದ್ದು 1947ರಲ್ಲಿ. ಆಮೇಲೆ ರೇಡಿಯೋ, ಟಿವಿ, ಕಂಪ್ಯೂಟರ್ ಎಲ್ಲವೂ ವಾಲ್ವನ್ನು ಬಿಟ್ಟವು. ಗಿಟಾರ್ ನುಡಿಸುವವರು ಬಿಡಲಿಲ್ಲ.

ಬಿಡದೇ ಇದ್ದದ್ದಕ್ಕೆ ಕಾರಣವಿದೆ. ತನ್ನ ಶಕ್ತಿ ಮೀರಿ ದುಡಿಸಿದಾಗ ವಾಲ್ವ್ ಒಮ್ಮೆಲೇ ಸೋಲುವುದಿಲ್ಲ. ಅಲೆಯ ನೆತ್ತಿಯನ್ನು ನಿಧಾನವಾಗಿ ಒತ್ತಿ ಚಪ್ಪಟೆ ಮಾಡುತ್ತದೆ. ಹೀಗೆ ಅಲೆಯ ಆಕಾರ ಕೆಟ್ಟಾಗ ಮೂಲ ಸ್ವರದ ಜೊತೆಗೆ ಬೇರೆ ಸ್ವರಗಳು ಹುಟ್ಟುತ್ತವೆ. ಒಂದೇ ಟ್ರಯೋಡ್ ದುಡಿಯುವ ಹಂತದಲ್ಲಿ ಮುಖ್ಯವಾಗಿ ಹುಟ್ಟುವುದು ಎರಡನೇ ಹಾರ್ಮೋನಿಕ್, ಅಂದರೆ ಮೇಲಿನ ಸ್ಥಾಯಿಯ ಅದೇ ಸ್ವರ. ಇನ್ನೂ ಒತ್ತಿದರೆ ಮೂರನೆಯದೂ ಬಲವಾಗಿ ಕೇಳುತ್ತದೆ, ಅದು ಮೇಲಿನ ಸ್ಥಾಯಿಯ ಪಂಚಮ. ಷಡ್ಜ ಮೀಟಿದರೆ ತಾರ ಷಡ್ಜವೂ ಪಂಚಮವೂ ಒಳಗಿನಿಂದ ಏಳುತ್ತವೆ ಎಂದಾಯಿತು. ತಂಬೂರಿಯ ಪಕ್ಕ ಕೂತು ಬೆಳೆದವರಿಗೆ ಇದು ಹೊಸ ವಿಷಯವೇ ಅಲ್ಲ.

ಈಗ ಬದಲಿಸುವ ವಿಷಯ. ಗಿಟಾರ್ ಆಂಪ್‌ಗಳ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಕೂತಿರುವುದು ಇಸಿಸಿ83 ಎಂಬ ವಾಲ್ವ್. ಅಮೆರಿಕದ ಲೆಕ್ಕದಲ್ಲಿ ಇದೇ 12ಎಎಕ್ಸ್7. ಅದರ ವರ್ಧನಾಂಕ 100. ಅದೇ ಒಂಬತ್ತು ಕಾಲಿನ ಸಾಕೆಟ್ಟಿಗೆ ಕೂರುವ, ಅಷ್ಟೇ ಹೀಟರ್ ಕರೆಂಟ್ ಕೇಳುವ ಬೇರೆ ವಾಲ್ವ್‌ಗಳಿವೆ. 12ಎಟಿ7ನ ವರ್ಧನಾಂಕ 60, 12ಎವೈ7ನದು 40ರ ಆಸುಪಾಸು, 12ಎಯು7ನದು ಸುಮಾರು 20. ಸರ್ಕ್ಯೂಟಿನಲ್ಲಿ ನಿಜವಾಗಿ ಸಿಗುವುದು ಇದಕ್ಕಿಂತ ಕಡಿಮೆ, ಆದರೂ ಈ ಏಣಿ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ನನ್ನ ಪುಟ್ಟ ಆಂಪ್ ವಾಲ್ಯೂಮ್ ಸ್ವಲ್ಪ ಏರಿಸಿದರೂ ಒಡೆಯುತ್ತಿತ್ತು. 12ಎವೈ7 ಹಾಕಿದ ಮೇಲೆ ಬಹಳ ದೂರದವರೆಗೆ ತಿಳಿಯಾಗಿಯೇ ಉಳಿದು, ಜೋರಾಗಿ ಮೀಟಿದಾಗ ಮಾತ್ರ ಒಡೆಯತೊಡಗಿತು. ಅಂದರೆ ಒಡಕು ಎಲ್ಲಿ ಶುರುವಾಗಬೇಕು ಎಂಬ ತೀರ್ಮಾನ ಗುಬ್ಬಿಯಿಂದ ನನ್ನ ಬೆರಳಿಗೆ ಬಂತು. 1950ರ ದಶಕದ ಫೆಂಡರ್ ಕಂಪನಿಯ ಕೆಲವು ಆಂಪ್‌ಗಳಲ್ಲಿ ಮೊದಲ ಜಾಗದಲ್ಲಿ ಇದ್ದದ್ದೇ ಈ 12ಎವೈ7. ಇದರಲ್ಲಿ ರಹಸ್ಯವೇನೂ ಇಲ್ಲ. ದಾಖಲೆಯಲ್ಲಿರುವ ಅಂಕಿ, ಸ್ಕ್ರೂಡ್ರೈವರ್ ಕೂಡ ಬೇಡದ ಕೆಲಸ.

ಸಮಸ್ಯೆ ಶುರುವಾಗುವುದು ಇದರ ನಂತರ. ಬೇರೆ ಜಾತಿಯ ವಾಲ್ವ್ ಹಾಕಿದರೆ ದನಿ ಬದಲಾಗುತ್ತದೆ ಎಂಬ ಸರಳ ಸತ್ಯದ ಮೇಲೆ ಒಂದು ದೊಡ್ಡ ಮಾರುಕಟ್ಟೆ ಕಟ್ಟಿದ್ದಾರೆ. ಅಲ್ಲಿ ಮಾರುವುದು ವಾಲ್ವ್‌ನ ಜಾತಿಯನ್ನಲ್ಲ, ಹೆಸರನ್ನು. ಅದೇ ಇಸಿಸಿ83, ಆದರೆ ಮುಲ್ಲಾರ್ಡ್ ಎಂದು ಬರೆದಿದ್ದರೆ ಒಂದು ಬೆಲೆ, ಟೆಲಿಫಂಕೆನ್ ಎಂದಿದ್ದರೆ ಇನ್ನೊಂದು, ಹಳೇ ದಾಸ್ತಾನಿನಲ್ಲಿ ಉಳಿದದ್ದಾದರೆ ಮತ್ತೂ ಒಂದು. ವರ್ಣನೆಗಳಂತೂ ಹೋಟೆಲಿನ ಮೆನುವಿನಂತಿರುತ್ತವೆ. ಒಂದು ಕೆನೆಯಂತೆ, ಇನ್ನೊಂದು ಜೇನಿನಂತೆ, ಮತ್ತೊಂದು ಬೆಚ್ಚಗೆ. ಬೆಂಗಳೂರಿನ ಒಬ್ಬ ಮಾರಾಟಗಾರರು ನನಗೆ ಫೋನಿನಲ್ಲಿ ‘ಇದು ಪಕ್ಕಾ ಬ್ರಿಟಿಷ್ ಟೋನ್, ಬೇರೆ ಯಾವುದರಲ್ಲೂ ಬರಲ್ಲ’ ಎಂದು ಹೇಳಿ, ಆ ತಿಂಗಳ ನನ್ನ ಮನೆ ಬಾಡಿಗೆಗೆ ಸಮನಾದ ಬೆಲೆ ಹೇಳಿದರು.

‘ಬ್ರಿಟಿಷ್’ ಎಂಬ ಆ ಮಾತನ್ನೇ ಹಿಡಿದು ನೋಡಿ. ಮುಲ್ಲಾರ್ಡ್ ಕಂಪನಿಯ ದೊಡ್ಡ ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ. ಅಲ್ಲಿ ವಾಲ್ವ್ ತಯಾರಿಕೆ ನಿಂತು ದಶಕಗಳಾದವು. ಇವತ್ತು ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಸಿಗುವ ಹೊಸ ವಾಲ್ವ್ ತಯಾರಾಗುವುದು ರಷ್ಯಾದ ಸರಾಟೊವ್ ನಗರದಲ್ಲಿ. ಅಮೆರಿಕದ ನ್ಯೂ ಸೆನ್ಸರ್ ಎಂಬ ಕಂಪನಿ ಆ ಹೆಸರನ್ನು ಕೊಂಡು ಅಲ್ಲಿನ ಕಾರ್ಖಾನೆಯ ವಾಲ್ವ್‌ಗಳ ಮೇಲೆ ಅಚ್ಚು ಹಾಕುತ್ತದೆ. ಟಂಗ್-ಸೋಲ್ ಎಂಬ ಹಳೆಯ ಅಮೆರಿಕನ್ ಹೆಸರಿನ ವಾಲ್ವ್ ಬರುವುದೂ ಅದೇ ಕಾರ್ಖಾನೆಯಿಂದ. ವಾಲ್ವ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಅದು ಚೆನ್ನಾಗಿಯೇ ಇರಬಹುದು. ಆದರೆ ಅದನ್ನು ಬ್ರಿಟಿಷ್ ಎಂದು ಕೊಳ್ಳುವವನು ಕೊಳ್ಳುತ್ತಿರುವುದು ಒಂದು ಪದವನ್ನು. 2022ರ ಮಾರ್ಚ್‌ನಲ್ಲಿ ಯುದ್ಧದ ಕಾರಣಕ್ಕೆ ರಷ್ಯಾ ರಫ್ತು ತಡೆದಾಗ ‘ಇಂಗ್ಲಿಷ್’ ಮತ್ತು ‘ಅಮೆರಿಕನ್’ ವಾಲ್ವ್‌ಗಳೆಲ್ಲ ಒಟ್ಟಿಗೇ ಅಂಗಡಿಯಿಂದ ಮಾಯವಾಗತೊಡಗಿದವು, ಬೆಲೆ ಏರಿತು. ಡಬ್ಬಿಗಳ ಮೇಲಿನ ಬಣ್ಣ ಬೇರೆ ಬೇರೆಯಾಗಿದ್ದರೂ ಒಲೆ ಒಂದೇ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಇನ್ನು ನಮ್ಮದೇ ಕಥೆ ಕೇಳಿ. 1954ರಲ್ಲಿ ಬೆಂಗಳೂರಿನ ಜಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾಯಿತು. ನಾವೆಲ್ಲ ಬಿಇಎಲ್ ಎನ್ನುವ ಕಾರ್ಖಾನೆ. 1961ರಲ್ಲಿ ಅದು ರೇಡಿಯೋ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. 1964ರಲ್ಲಿ ಆಕಾಶವಾಣಿಗಾಗಿ ಟ್ರಾನ್ಸ್‌ಮಿಟರ್‌ಗಳನ್ನೂ ಮಾಡತೊಡಗಿತು. ಮರುವರ್ಷ, 1965ರಲ್ಲಿ ನಮ್ಮ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ತೆರೆಯಿತು. ಮಲೆನಾಡಿನ ಮನೆಗಳಲ್ಲಿ ಅಂಚೆ ಕಚೇರಿಯ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದ ವಾಲ್ವ್ ರೇಡಿಯೋಗಳ ಕಾಲ ಅದು. ಜಲಹಳ್ಳಿಯ ಆ ಕಾರ್ಖಾನೆ ಮಾಡಿದ ವಾಲ್ವ್‌ಗಳಲ್ಲಿ ಇಸಿಸಿ83 ಇತ್ತು, ಇಎಲ್84 ಇತ್ತು. ನನ್ನ ಆಂಪ್‌ನಲ್ಲಿರುವ ಎರಡು ಜಾತಿಗಳೂ ಅವೇ. ಇವತ್ತು ಯುರೋಪಿನ, ಅಮೆರಿಕದ ಗಿಟಾರ್ ವಾದಕರು ಬಿಇಎಲ್ ಅಚ್ಚಿರುವ ಹಳೇ ವಾಲ್ವ್‌ಗಳನ್ನು ಹುಡುಕಿ ತರಿಸಿಕೊಳ್ಳುತ್ತಾರೆ. ಇಲ್ಲಿ ನಮ್ಮ ಹುಡುಗರು ಸಾಲ ಮಾಡಿ ಸರಾಟೊವ್‌ನ ‘ಬ್ರಿಟಿಷ್’ ವಾಲ್ವ್ ಕೊಳ್ಳುತ್ತಾರೆ.

ಇದನ್ನು ಓದಿ ಕೆಲವರಿಗೆ ಹೆಮ್ಮೆ ಉಕ್ಕಬಹುದು. ‘ಹಾಗಾದರೆ ಬಿಇಎಲ್ ವಾಲ್ವೇ ಶ್ರೇಷ್ಠ, ಕನ್ನಡನಾಡಿನ ಟೋನ್!’ ಎಂದು ಯಾರಾದರೂ ಬೋರ್ಡು ಹಾಕಿದರೆ ನನ್ನ ವಾದವನ್ನು ಪೂರ್ತಿ ತಪ್ಪಾಗಿ ತಿಳಿದಂತೆ. ಆಗ ನಾವು ಬದಲಿಸಿದ್ದು ಲೇಬಲ್ಲನ್ನು ಮಾತ್ರ. ಜಲಹಳ್ಳಿಯ ಉದಾಹರಣೆಯನ್ನು ನಾನು ಕೊಡುವುದು ಬೇರೆ ಕಾರಣಕ್ಕೆ. ಈ ವಸ್ತು ಯಾವುದೋ ಗಂಧರ್ವ ಲೋಕದಿಂದ ಬಂದದ್ದಲ್ಲ. ಊಟದ ಡಬ್ಬಿ ಹಿಡಿದು ಪಾಳಿಗೆ ಹೋಗುವ ಜನ, ನಮ್ಮ ನೆಂಟರಿಷ್ಟರಂಥ ಜನ, ದಿನಗೂಲಿಯ ಲೆಕ್ಕದಲ್ಲಿ ಮಾಡಿದ್ದು. ಮಾಡಿದವರ ಕೈಗಳು ಕಣ್ಣಿಗೆ ಬಿದ್ದರೆ ಪೂಜೆಯ ಬುದ್ಧಿ ಸ್ವಲ್ಪ ಇಳಿಯುತ್ತದೆ.

ಭದ್ರಾವತಿಯಲ್ಲಿ ಹಿಂದೆ ವಾಲ್ವ್ ರೇಡಿಯೋ, ಮೈಕ್‌ಸೆಟ್‌ಗಳನ್ನು ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಅಂಗಡಿ ಮುಚ್ಚಿದ್ದಾರೆ, ಸಾಮಾನು ಮನೆಯ ಅಟ್ಟದಲ್ಲಿದೆ. ಅವರ ಹತ್ತಿರ ನಾನು ಒಂದೆರಡು ಹಳೇ ವಾಲ್ವ್ ಕೇಳಲು ಹೋದಾಗ ‘ಇದು ಇಂಗ್ಲೆಂಡಿಂದಾ ಸಾರ್?’ ಎಂದೆ. ‘ಇಂಗ್ಲೆಂಡ್ ಕಟ್ಕೊಂಡು ಏನ್ ಮಾಡ್ತೀಯೋ ಮಾರಾಯ? ಮೊದ್ಲು ಉರಿಯುತ್ತಾ ನೋಡು. ಪೆನ್ಸಿಲಲ್ಲಿ ಮೆತ್ತಗೆ ತಟ್ಟು. ಗಂಟೆ ಹೊಡ್ದಂಗೆ ಕೇಳಿದ್ರೆ ಬಿಸಾಕು’ ಎಂದರು. ಒಳಗಿನ ಭಾಗಗಳು ಸಡಿಲವಾದ ವಾಲ್ವ್ ತಾನೇ ಮೈಕಿನಂತೆ ವರ್ತಿಸುತ್ತದೆ, ತಟ್ಟಿದ್ದು ಸ್ಪೀಕರಿನಲ್ಲಿ ಮೊಳಗುತ್ತದೆ. ಎಷ್ಟೇ ದುಬಾರಿ ಹೆಸರಿದ್ದರೂ ಅಂಥದ್ದು ಗಿಟಾರ್ ಆಂಪಿನ ಮೊದಲ ಜಾಗಕ್ಕೆ ಆಗದು. ಲೇಬಲ್ ಹೇಳದ ಈ ಸಂಗತಿಯನ್ನು ಒಂದು ಪೆನ್ಸಿಲ್ ಹೇಳುತ್ತದೆ.

ಈಗ ನನ್ನ ವಿರೋಧಿಗಳ ಮಾತಿಗೆ ಬರುತ್ತೇನೆ. ಮೊದಲನೆಯವರು ಹೇಳುವುದು: ಇದೆಲ್ಲ ಭ್ರಮೆ, ವಾಲ್ವ್ ಬದಲಿಸಿದರೆ ಏನೂ ಆಗುವುದಿಲ್ಲ. ಅರ್ಧ ನಿಜ. ಒಂದೇ ಜಾತಿಯ, ಆರೋಗ್ಯವಾಗಿರುವ ಎರಡು ಬೇರೆ ಕಂಪನಿಯ ವಾಲ್ವ್‌ಗಳ ನಡುವಿನ ವ್ಯತ್ಯಾಸ ಬಹಳ ಸಲ ಅತಿ ಸಣ್ಣದು. ಒಂದೇ ಕಂಪನಿಯ ಎರಡು ವಾಲ್ವ್‌ಗಳ ನಡುವೆಯೂ ಅಷ್ಟು ವ್ಯತ್ಯಾಸ ಇರಬಹುದು. ಸ್ಪೀಕರ್ ಬದಲಿಸಿದರೆ ಇದಕ್ಕಿಂತ ಎಷ್ಟೋ ಹೆಚ್ಚು ಬದಲಾಗುತ್ತದೆ. ಜೊತೆಗೆ ನಮ್ಮ ಕಿವಿ ಸುಲಭವಾಗಿ ಮೋಸ ಹೋಗುತ್ತದೆ. ಸ್ವಲ್ಪ ಜೋರಾಗಿರುವುದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ. ವಾಲ್ವ್ ತೆಗೆದು, ತಣ್ಣಗಾಗಿಸಿ, ಇನ್ನೊಂದು ಹಾಕಿ, ಅದು ಬಿಸಿಯಾಗುವಷ್ಟರಲ್ಲಿ ಮೊದಲಿನ ದನಿ ನೆನಪಿನಿಂದ ಜಾರಿರುತ್ತದೆ. ಅದಕ್ಕೇ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಒಂದೇ ಸಾಲನ್ನು ಒಂದೇ ಗಿಟಾರಿನಲ್ಲಿ ನುಡಿಸಿ ರೆಕಾರ್ಡ್ ಮಾಡುವುದು. ಎಲ್ಲವನ್ನೂ ಒಂದೇ ಜೋರಿಗೆ ತರುವುದು. ರೂಮ್‌ಮೇಟ್ ಕೈಯಲ್ಲಿ ಕೊಟ್ಟು, ಯಾವುದು ಯಾವುದೆಂದು ಹೇಳದೆ ಹಾಕಲು ಹೇಳುವುದು. ಹೀಗೆ ಕೇಳಿದಾಗ 12ಎಎಕ್ಸ್7 ಮತ್ತು 12ಎವೈ7ನ ನಡುವಿನ ವ್ಯತ್ಯಾಸ ಪ್ರತಿ ಸಲವೂ ಸಿಕ್ಕಿದೆ. ಎರಡು ಕಂಪನಿಯ ಒಂದೇ ಜಾತಿಯ ವಾಲ್ವ್‌ಗಳ ವ್ಯತ್ಯಾಸ ಹೆಚ್ಚಿನ ಸಲ ಸಿಕ್ಕಿಲ್ಲ. ಭ್ರಮೆ ಎನ್ನುವವರೂ ಜೇನು, ಕೆನೆ ಎನ್ನುವವರೂ ಈ ಕೆಲಸ ಮಾಡದೆ ಮಾತಾಡುತ್ತಾರೆ ಎಂಬುದೇ ನನ್ನ ಸಿಟ್ಟು.

ಎರಡನೆಯವರು ಹೇಳುವುದು: ಈಗ ಡಿಜಿಟಲ್ ಪೆಟ್ಟಿಗೆ ಬಂದಿದೆ, ಒಂದು ಗುಂಡಿ ಒತ್ತಿದರೆ ಜಗತ್ತಿನ ಎಲ್ಲ ಆಂಪ್‌ಗಳ ದನಿಯೂ ಬರುತ್ತದೆ, ಈ ಗಾಜಿನ ಬುರುಡೆ ಯಾಕೆ? ಆ ಪೆಟ್ಟಿಗೆಗಳ ದನಿ ಚೆನ್ನಾಗಿದೆ. ಅದನ್ನು ಅಲ್ಲಗಳೆಯುವುದು ಹಟಮಾರಿತನ. ಕಾಲೇಜಿನ ಕಾರ್ಯಕ್ರಮಕ್ಕೆ ಬಸ್ಸಿನಲ್ಲಿ ಹೊತ್ತೊಯ್ಯಲು ಅದೇ ಸರಿ. ನನ್ನ ಆಕ್ಷೇಪ ಅದರ ದನಿಯ ಬಗ್ಗೆ ಅಲ್ಲವೇ ಅಲ್ಲ. ಅದರಲ್ಲಿ ನಾನು ಆರಿಸಬಹುದು, ಬದಲಿಸಲಾರೆ. ಪಟ್ಟಿ ಬರೆದವರು ಬೇರೆ ಯಾರೋ. ಪಟ್ಟಿಯಲ್ಲಿ ಇಲ್ಲದ್ದು ನನಗೆ ಹೊಳೆಯುವುದೂ ಇಲ್ಲ. ಒಳಗೆ ಏನು ನಡೆಯಿತು ಎಂದು ನೋಡುವ ದಾರಿ ಮುಚ್ಚಿದೆ. ನಾಳೆ ಆ ಕಂಪನಿ ಸಾಫ್ಟ್‌ವೇರ್ ಕೊಡುವುದನ್ನು ನಿಲ್ಲಿಸಿದರೆ ಅದನ್ನು ಯಾವ ಭದ್ರಾವತಿಯ ಹಿರಿಯರೂ ಸರಿ ಮಾಡಲಾರರು. ಎಪ್ಪತ್ತು ವರ್ಷದ ಹಿಂದಿನ ವಾಲ್ವ್ ಆಂಪನ್ನು ಇವತ್ತೂ ಬಿಚ್ಚಿ, ಸುಟ್ಟದ್ದನ್ನು ಹುಡುಕಿ, ಬದಲಿಸಿ, ನುಡಿಸಬಹುದು.

ಮೂರನೆಯವರು ನಮ್ಮವರೇ, ಸಾಹಿತ್ಯದವರು. ‘ಗಿಟಾರ್ ನಮ್ಮ ವಾದ್ಯವಲ್ಲ. ಅದರ ದನಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ನಗರದ ಶೋಕಿ’ ಎನ್ನುತ್ತಾರೆ. ಈ ‘ನಮ್ಮದಲ್ಲ’ ಎಂಬ ಮಾತಿಗೆ ಈ ದೇಶದಲ್ಲಿ ಒಂದು ಇತಿಹಾಸವಿದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದದ ವಾದ್ಯವೆಂದು ಹೊರಗಿಟ್ಟಿತು. ಆ ನಿಷೇಧ 1971ರವರೆಗೆ ನಡೆಯಿತು. ಆ ಮೂವತ್ತು ವರ್ಷವೂ ನಮ್ಮ ಕಂಪನಿ ನಾಟಕಗಳು ಹಾರ್ಮೋನಿಯಂ ಇಲ್ಲದೆ ಪರದೆ ಎತ್ತಲಿಲ್ಲ. ಪಿಟೀಲು ಕೂಡ ಹೊರಗಿನಿಂದ ಬಂದದ್ದೇ. ಇವತ್ತು ಅದನ್ನು ಹೊರಗಿನದೆಂದು ಯಾರು ಹೇಳುತ್ತಾರೆ?

ಪಿಟೀಲಿನ ಮಾತು ಬಂದಾಗ ಚೌಡಯ್ಯನವರನ್ನು ನೆನೆಯಲೇಬೇಕು. ತಿರುಮಕೂಡಲಿನ ಚೌಡಯ್ಯ ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದರು. ಮೈಕು ಎಲ್ಲೆಡೆ ಇಲ್ಲದ ಕಾಲದಲ್ಲಿ ಕಛೇರಿಯ ಹಿಂದಿನ ಸಾಲಿಗೆ ದನಿ ಮುಟ್ಟಬೇಕಿತ್ತು, ಅದು ತುಂಬಿಕೊಂಡು ಕೇಳಬೇಕಿತ್ತು. ವಾದ್ಯ ಹೀಗೇ ಇರಬೇಕೆಂದು ತಯಾರಿಸಿದವರು ಹೇಳಿದ್ದನ್ನು ಅವರು ಕೊನೆಯ ಮಾತೆಂದು ತಿಳಿಯಲಿಲ್ಲ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿ ನಾವು ಅವರನ್ನು ಗೌರವಿಸಿದ್ದೇವೆ. ಅವರು ಮಾಡಿದ ಕೆಲಸದ ಹೆಸರು ವಾದ್ಯವನ್ನು ತಿದ್ದುವುದು. ಆ ಕೆಲಸವನ್ನು ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಗಿಟಾರ್ ಆಂಪಿನ ಮೇಲೆ ಮಾಡಿದರೆ ಶೋಕಿ ಹೇಗಾಗುತ್ತದೆ?

ಇಷ್ಟೇ ಅಲ್ಲ. ಮೃದಂಗ ನುಡಿಸುವವರು ಕಛೇರಿಗೆ ಕೂರುವ ಮುನ್ನ ಎಡಭಾಗದ ಚರ್ಮಕ್ಕೆ ನೀರಿನಲ್ಲಿ ನಾದಿದ ರವೆ ಮೆತ್ತುತ್ತಾರೆ. ಎಷ್ಟು ಮೆತ್ತಬೇಕು, ಎಷ್ಟು ಚಿವುಟಿ ತೆಗೆಯಬೇಕು ಎಂಬುದನ್ನು ಕಿವಿಯೇ ಹೇಳಬೇಕು. ಕಛೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ, ಮರುದಿನ ಮತ್ತೆ ಹೊಸದಾಗಿ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ತಂತಿ ಝೇಂಕರಿಸುವ ಜಾಗವನ್ನು ಹುಡುಕುತ್ತಾರೆ. ಆ ಎಳೆಗೆ ಜೀವಾಳಿ ಎಂದು ಹೆಸರು. ದನಿಯ ಜೀವ ಎಲ್ಲಿದೆ ಎಂದು ಹೇಳುವ ಹೆಸರು ಅದು. ರವೆ ಯಾವ ಗಿರಣಿಯದು, ನೂಲು ಯಾವ ಅಂಗಡಿಯದು ಎಂದು ಯಾವ ವಿದ್ವಾಂಸರೂ ಸಭೆಯಲ್ಲಿ ಹೇಳಿಕೊಂಡದ್ದನ್ನು ನಾನು ಕಂಡಿಲ್ಲ. ವಾಲ್ವ್ ಬದಲಿಸಿ ದನಿ ತಿದ್ದಿಕೊಳ್ಳುವುದು ಈ ಸಾಲಿಗೇ ಸೇರಿದ ಕೆಲಸ. ಅದನ್ನು ಮಾರುಕಟ್ಟೆ ಕಸಿದುಕೊಂಡು ಬ್ರ್ಯಾಂಡಿನ ಭಕ್ತಿಯಾಗಿ ಮಾಡಿದೆ. ಸಾಹಿತ್ಯದವರು ಅದನ್ನು ಶೋಕಿ ಎಂದು ತಳ್ಳಿ ಮಾರುಕಟ್ಟೆಗೇ ಬಿಟ್ಟುಕೊಟ್ಟಿದ್ದಾರೆ.

ಹಾಗಾದರೆ ಉಳಿಸಿಕೊಳ್ಳಬೇಕಾದದ್ದು ಯಾವುದು? ನನ್ನ ಉತ್ತರ: ಸಾಕೆಟ್. ವಾಲ್ವ್ ಸುಡುತ್ತದೆ, ಸವೆಯುತ್ತದೆ, ಎಂದು ಮೊದಲೇ ಗೊತ್ತಿದ್ದ ಎಂಜಿನಿಯರುಗಳು ಅದನ್ನು ಬೆಸುಗೆ ಹಾಕದೆ ಸಾಕೆಟ್ಟಿನಲ್ಲಿ ಕೂರಿಸಿದರು. ಯಾರು ಬೇಕಾದರೂ ಕಿತ್ತು ಇನ್ನೊಂದು ಹಾಕುವಂತೆ. ಕಾಲುಗಳ ಸಂಖ್ಯೆ, ಅಂತರ, ಯಾವ ಕಾಲು ಯಾವುದಕ್ಕೆ ಎಂಬುದೆಲ್ಲ ಕಂಪನಿಗಳು ಒಪ್ಪಿದ ಲೆಕ್ಕ. ಯುರೋಪಿನ ಹೆಸರಿಡುವ ಕ್ರಮವನ್ನೇ ನೋಡಿ. ಇಸಿಸಿ83ರಲ್ಲಿ ‘ಇ’ ಎಂದರೆ 6.3 ವೋಲ್ಟ್ ಹೀಟರ್. ‘ಸಿ’ ಎಂದರೆ ಟ್ರಯೋಡ್, ಎರಡು ಸಲ ಬಂದಿರುವುದರಿಂದ ಒಂದೇ ಬುರುಡೆಯಲ್ಲಿ ಎರಡು. ಎಂಟರಿಂದ ಶುರುವಾಗುವ ಅಂಕಿ ಎಂದರೆ ಒಂಬತ್ತು ಕಾಲಿನ ಪೀಠ. ಇಎಲ್84ರ ‘ಎಲ್’ ಎಂದರೆ ಸ್ಪೀಕರಿಗೆ ಶಕ್ತಿ ಕೊಡುವ ಪೆಂಟೋಡ್. ಹೆಸರನ್ನು ಬಿಡಿಸಿ ಓದಿದರೆ ವಸ್ತು ಅರ್ಥವಾಗುತ್ತದೆ. ಛಂದಸ್ಸಿನ ಪಾಠದಲ್ಲಿ ಗಣ ಬಿಡಿಸಿದ ಹಾಗೆ.

ಛಂದಸ್ಸಿನ ಮಾತನ್ನು ಸುಮ್ಮನೆ ಎತ್ತಲಿಲ್ಲ. ಕುಮಾರವ್ಯಾಸನ ಭಾರತ ಇರುವುದು ಭಾಮಿನೀ ಷಟ್ಪದಿಯಲ್ಲಿ. ಚಾಮರಸನ ‘ಪ್ರಭುಲಿಂಗಲೀಲೆ’ ಇರುವುದೂ ಅದರಲ್ಲೇ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ಮತ್ತು ಲಕ್ಷ್ಮೀಶನ ‘ಜೈಮಿನಿ ಭಾರತ’ ಎರಡೂ ವಾರ್ಧಕ ಷಟ್ಪದಿಯಲ್ಲಿವೆ. ಸಾಕೆಟ್ ಒಂದೇ, ಮಾತ್ರೆಗಳ ಲೆಕ್ಕ ಒಂದೇ. ಆದರೆ ರಾಘವಾಂಕನ ಒಂದು ಪದ್ಯವನ್ನು ಲಕ್ಷ್ಮೀಶನದೆಂದು ಯಾರಾದರೂ ಮೋಸ ಹೋಗುತ್ತಾರೆಯೇ? ಈ ಕವಿಗಳ ದನಿ ಎಲ್ಲರಿಗೂ ತೆರೆದಿದ್ದ ಚೌಕಟ್ಟಿನೊಳಗೆ ಪದವನ್ನು ಕಿತ್ತು, ಇನ್ನೊಂದನ್ನು ಕೂರಿಸಿ, ಕೇಳಿ, ಮತ್ತೆ ಕಿತ್ತು ಬಂದದ್ದು. ಎಲ್ಲರದೂ ಆದ ಸಾಕೆಟ್ ಇದ್ದದ್ದರಿಂದಲೇ ಒಬ್ಬೊಬ್ಬರಿಗೆ ತಮ್ಮದೇ ದನಿ ಸಾಧ್ಯವಾಯಿತು. ‘ಸ್ವಂತ ದನಿ’ ಎಂದು ಬೆನ್ನುಡಿ ಬರೆಯುವವರು ಈ ಕಿತ್ತು ಕೂರಿಸುವ ಕೆಲಸದ ಬಗ್ಗೆ ಒಂದು ವಾಕ್ಯವನ್ನಾದರೂ ಬರೆದರೆ ಹೊಸದಾಗಿ ಬರೆಯುವವರಿಗೆ ಉಪಕಾರವಾಗುತ್ತದೆ. ವರ ಸಿಗದವರು ಪೆನ್ನು ಕೆಳಗಿಡಬೇಕಾಗಿಲ್ಲ ಎಂದು ತಿಳಿಯುತ್ತದೆ.

ಈ ಸಾಕೆಟ್ ಈಗ ಕಣ್ಮರೆಯಾಗುತ್ತಿದೆ. ಮೊಬೈಲಿನ ಬ್ಯಾಟರಿಯನ್ನು ಅಂಟಿಸಿ ಮುಚ್ಚುತ್ತಾರೆ. ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ಸ್ಟಿಕ್ಕರ್ ಹಾಕುತ್ತಾರೆ. ಬಿಚ್ಚಬಾರದ ವಸ್ತುಗಳ ನಡುವೆ ಬೆಳೆದ ಹುಡುಗರಿಗೆ ದನಿ ಬದಲಿಸುವುದು ಎಂದರೆ ಹೊಸದನ್ನು ಕೊಳ್ಳುವುದು ಎಂದೇ ಅರ್ಥವಾಗಿದೆ. ಕೊಳ್ಳಲಾಗದವರು, ಅಂದರೆ ನನ್ನ ಹಾಗೆ ಫೆಲೋಶಿಪ್ಪಿನ ದಾರಿ ಕಾಯುವವರು, ಊರಿನಿಂದ ಬಂದು ಹಾಸ್ಟೆಲ್ಲಿನಲ್ಲಿ ಸೆಕೆಂಡ್ ಹ್ಯಾಂಡ್ ಗಿಟಾರ್ ಹಿಡಿದವರು, ತಮ್ಮ ದನಿ ಎರಡನೇ ದರ್ಜೆಯದು ಎಂದು ನಂಬಿಬಿಡುತ್ತಾರೆ. ಈ ನಂಬಿಕೆಯ ನಷ್ಟ ಸಣ್ಣದಲ್ಲ.

ಇನ್ನೊಂದು ನಷ್ಟ ಭಾಷೆಯದು. ನಾವು ಟೋನ್ ವರ್ಣಿಸಲು ಇಂಗ್ಲಿಷಿನ ಜಾಹೀರಾತಿನಿಂದ ‘ವಾರ್ಮ್’, ‘ಕ್ರೀಮಿ’, ‘ಕ್ರಂಚಿ’ ಎಂದು ಕಡ ತರುತ್ತೇವೆ. ಕನ್ನಡದಲ್ಲಿ ದನಿಗೆ ಪದಗಳಿಲ್ಲವೇ? ಒಡಕು ದನಿ, ಸೀಳು ದನಿ, ಕೀರಲು ದನಿ, ಗೊಗ್ಗರು ದನಿ, ಕಂಚಿನ ಕಂಠ, ಗಡಸು, ಮೆದು, ತೆಳು, ಮಂದ್ರ. ಭದ್ರಾವತಿಯ ಆ ಹಿರಿಯರು ‘ಈ ವಾಲ್ವ್ ಗೊರಗೊರ ಅಂತದೆ’, ‘ಇದು ಸ್ವಲ್ಪ ಮೂಗಲ್ಲಿ ಮಾತಾಡ್ತದೆ’ ಎನ್ನುತ್ತಾರೆ. ಮೂಗಿನ ದನಿ ಎಂದ ಕೂಡಲೇ ಯಾವ ಶ್ರುತಿಯ ಭಾಗ ಎದ್ದಿದೆ ಎಂದು ನನಗೆ ಅರ್ಥವಾಗುತ್ತದೆ. ‘ಕ್ರೀಮಿ’ ಎಂದರೆ ಇವತ್ತಿಗೂ ಅರ್ಥವಾಗಿಲ್ಲ. ಜಾನಪದ ವಿಭಾಗಗಳು ಸೋಬಾನೆ ಪದ ಸಂಗ್ರಹಿಸಿವೆ, ಬಹಳ ಒಳ್ಳೆಯದು. ಮೈಕ್‌ಸೆಟ್‌ನವರ, ರೇಡಿಯೋ ರಿಪೇರಿಯವರ, ಜಲಹಳ್ಳಿಯ ನಿವೃತ್ತ ಕಾರ್ಮಿಕರ ಮಾತುಗಳನ್ನು ಯಾರು ಸಂಗ್ರಹಿಸುತ್ತಾರೆ? ಅವರಲ್ಲಿ ಬಹಳಷ್ಟು ಜನ ಈಗ ಎಪ್ಪತ್ತು ದಾಟಿದವರು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಬಿಚ್ಚುವ ಹಕ್ಕು ಎಂದರೆ ಕಣ್ಣು ಮುಚ್ಚಿ ಕೈ ಹಾಕುವುದಲ್ಲ. ಆಂಪಿನ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಅದು ಕೊಲ್ಲುತ್ತದೆ. ಹೊರಗಿನಿಂದ ಕೈಗೆ ಸಿಗುವ ವಾಲ್ವನ್ನು, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಬದಲಿಸಬಹುದು. ಚಾಸಿಸ್ ಬಿಚ್ಚುವುದು ಬಲ್ಲವರ ಕೆಲಸ. ಮೊದಲ ಹಂತದ ಸಣ್ಣ ವಾಲ್ವ್‌ಗಳಲ್ಲಿ ಇರುವ ಸ್ವಾತಂತ್ರ್ಯ ಕೊನೆಯ ಹಂತದ ಪವರ್ ವಾಲ್ವ್‌ಗಳಲ್ಲಿ ಇಲ್ಲ. 6ಎಲ್6 ಇದ್ದ ಜಾಗದಲ್ಲಿ ಇಎಲ್34 ಕೂರುತ್ತದೆ ಎಂದು ಹಾಕಿಬಿಡಬಾರದು. ಮೊದಲನೆಯದರ ಹೀಟರ್ 0.9 ಆಂಪಿಯರ್ ಕೇಳಿದರೆ ಎರಡನೆಯದು 1.5 ಆಂಪಿಯರ್ ಕೇಳುತ್ತದೆ, ಟ್ರಾನ್ಸ್‌ಫಾರ್ಮರ್ ಸುಡಬಹುದು. ಬಯಾಸ್ ಕೂಡ ಹೊಂದಿಸಬೇಕು. ಸ್ಪೀಕರ್ ಜೋಡಿಸದೆ ಆಂಪನ್ನು ಚಾಲೂ ಮಾಡಬಾರದು. ಸಾಕೆಟ್ ಎಲ್ಲರದೂ ಹೌದು, ಅದರ ನಿಯಮವೂ ಎಲ್ಲರದು.

ನನ್ನ ಬೇಡಿಕೆಗಳು ದೊಡ್ಡವಲ್ಲ. ವಾಲ್ವ್ ಮಾರುವವರು ಡಬ್ಬಿಯ ಮೇಲೆ ಹಳೇ ಹೆಸರಿನ ಜೊತೆಗೆ ಅದು ತಯಾರಾದ ಕಾರ್ಖಾನೆ ಯಾವುದೆಂದು ಬರೆಯಲಿ. ನುಡಿಸುವ ಗೆಳೆಯರು ಇನ್ನೊಂದು ವಾಲ್ವಿಗೆ ದುಡ್ಡು ಕಳಿಸುವ ಮೊದಲು ಇರುವುದನ್ನೇ ಹೆಸರು ಮರೆಮಾಡಿ ಒಂದು ಸಂಜೆ ಕೇಳಲಿ. ಕೇಳಿದ್ದನ್ನು ಕನ್ನಡದಲ್ಲಿ ಹೇಳಲು ಪ್ರಯತ್ನಿಸಲಿ. ವಿಶ್ವವಿದ್ಯಾಲಯದ ನಮ್ಮಂಥವರು ಮೈಕ್‌ಸೆಟ್‌ನವರ ಅಂಗಡಿಗಳಿಗೆ ರೆಕಾರ್ಡರ್ ಹಿಡಿದು ಹೋಗೋಣ. ವಿಮರ್ಶಕರು ಇನ್ನು ಮೇಲೆ ಯಾವ ಹೊಸ ಕವಿಯ ಬಗ್ಗೆಯಾದರೂ ‘ಸ್ವಂತ ದನಿ’ ಎಂದು ಬರೆದರೆ, ಆ ಕವಿ ಯಾವ ಪದವನ್ನು ಕಿತ್ತು ಯಾವುದನ್ನು ಕೂರಿಸಿದ್ದಕ್ಕೆ ಆ ದನಿ ಬಂತು ಎಂದು ಒಂದು ಉದಾಹರಣೆ ಕೊಡಲಿ. ಕೊಡಲು ಆಗದಿದ್ದರೆ ಆ ಮಾತನ್ನು ಬರೆಯುವುದು ಬೇಡ.